ಹೊಸಹೊಳಲು ನೋಡಿ, ಸ್ಟಾರ್ಟರ್ ತಂದೆ

ಕೆ.ಆರ್. ಪೇಟೆಗೆ ಹೋದರೆ ಪಕ್ಕದ ಹೊಸಹೊಳಲು ತಪ್ಪಿಸಬೇಡಿ. 13ನೇ ಶತಮಾನದ ಹೊಯ್ಸಳರ ಲಕ್ಷ್ಮೀನಾರಾಯಣ ದೇವಸ್ಥಾನ ಅಲ್ಲಿದೆ. ಹೊರಗೋಡೆ ಸುತ್ತ ಕಲ್ಲಲ್ಲೇ ರಾಮಾಯಣ, ಮಹಾಭಾರತ. ಬೇಲೂರಿನಷ್ಟು ಜನಜಂಗುಳಿ ಇಲ್ಲ, ನಿಧಾನವಾಗಿ ಓದಬಹುದು.

ನನಗೆ ಇನ್ನೊಂದು ಕೆಲಸವೂ ಇತ್ತು. ಚಿಕ್ಕಪ್ಪನ ತೋಟಕ್ಕೆ ಮೊಬೈಲ್ ಸ್ಟಾರ್ಟರ್ ಆರಿಸೋದು. ಪಂಪ್‌ಸೆಟ್ಟಿಗೆ ತ್ರೀ ಫೇಸ್ ಕರೆಂಟ್ ಬರೋದು ಪಾಳಿಯಲ್ಲಿ, ಎಷ್ಟೋ ಸಲ ರಾತ್ರಿ. ಅರವತ್ತು ದಾಟಿದವರು ಟಾರ್ಚ್ ಹಿಡಿದು ಬದುವಿನ ಮೇಲೆ ಹೋಗ್ತಾರೆ. ಹಾವಿನ ಭಯ ಹಳೇದು, ಈಗ ಚಿರತೆಯದ್ದೂ ಸೇರಿದೆ.

ಪೇಟೆಯ ಅಂಗಡಿಯಲ್ಲಿ ನನ್ನ ಕಣ್ಣು ಆ್ಯಪ್ ಇರುವ ಮಾಡೆಲ್ ಮೇಲೆ. ಚಿಕ್ಕಪ್ಪ ಅಂದ್ರು: “ಆಪು ಗೀಪು ಬ್ಯಾಡ ಕಣ್ಲಾ, ಮಿಸ್ಡ್ ಕಾಲ್ ಕೊಟ್ರೆ ಆನ್ ಆಯ್ತದಾ ಕೇಳು.” ಸರಿಯಾದ ಪ್ರಶ್ನೆ. ಮೋಟ್ರು ಮನೆಯಲ್ಲಿ ಡೇಟಾ ಸಿಗಲ್ಲ, ಕರೆ ಹೋಗುತ್ತೆ. ಅದಕ್ಕಿಂತ ಮುಖ್ಯ ಇನ್ನೆರಡು: ಬೋರ್‌ವೆಲ್‌ನಲ್ಲಿ ನೀರು ಕೆಳಗಿಳಿದರೆ ತಾನೇ ನಿಲ್ಲಬೇಕು, ಒಂದು ಫೇಸ್ ಹೋದರೂ ನಿಲ್ಲಬೇಕು. ಇಲ್ಲದಿದ್ದರೆ ಕಾಯಿಲ್ ಸುಟ್ಟು, ಮೋಟ್ರು ಮೇಲೆತ್ತಿ ರಿವೈಂಡಿಂಗ್‌ಗೆ ಕೊಡಬೇಕು. ಅಷ್ಟು ದಿನ ತೋಟಕ್ಕೆ ನೀರಿಲ್ಲ.

ಆಟೋ ಮೋಡ್‌ನಲ್ಲಿ ಡಿಲೇ ಇದೆಯಾ ಅಂತಲೂ ನೋಡಿದೆ. ಕರೆಂಟ್ ಬಂದ ಕ್ಷಣವೇ ಊರಿನ ಮೋಟ್ರೆಲ್ಲ ಒಟ್ಟಿಗೆ ಎದ್ದರೆ ಟ್ರಾನ್ಸ್‌ಫಾರ್ಮರ್ ಪಾಡೇನು? ಸರ್ವರ್ ನೋಡಿಕೊಳ್ಳುವ ನಮಗೆ ಈ ಪೀಕ್ ಲೋಡ್ ಗೊತ್ತಿರೋದೇ.

ಈಗ ಚಿಕ್ಕಪ್ಪ ಮಂಚದಿಂದಲೇ ಮೋಟ್ರಿಗೆ ಫೋನ್ ಮಾಡ್ತಾರೆ. ತೆಂಗಿಂದ ಬಾಳೆಗೆ ನೀರು ತಿರುಗಿಸೋಕೆ ಮಾತ್ರ ಎದ್ದು ಹೋಗಲೇಬೇಕು. “ಗೇಟ್‌ವಾಲ್ವ್‌ಗೂ ಇಂಥದ್ದು ಬತ್ತದಂತಲ್ಲ, ಎಷ್ಟ್ಲಾ?” ಅಂತ ಮೊನ್ನೆ ಕೇಳಿದ್ರು.