ಬೇರೆ ಏನು ಮಾತ್ರೆ ತಗೋತಿದ್ದೀಯ?

ಹಾಸ್ಟೆಲ್‌ನಲ್ಲಿ ಮಾತ್ರೆ ಅಂದ್ರೆ ಚಾರ್ಜರ್ ಇದ್ದ ಹಾಗೆ, ಯಾರ ಹತ್ರ ಇದೆಯೋ ಅವರ ಹತ್ರ ಇಸ್ಕೊಂಡ್ರೆ ಆಯ್ತು. ಹೊಟ್ಟೆ ಕೆಟ್ಟಿದೆ, ನಾಳೆ ಇಂಟರ್ನಲ್ಸ್ ಇದೆ ಅಂದ್ರೆ ಪಕ್ಕದ ರೂಮಿನಿಂದ ಒಂದು ಲೋಪೆರಮೈಡ್ ಬರುತ್ತೆ. ಅದು ಯಾವ ಗುಂಪಿನ ಔಷಧ ಅಂತ ಯಾರೂ ಕೇಳಲ್ಲ. ಬಯೋಟೆಕ್ ಓದುವ ನಮಗೆ ಅದರ ಗುಂಪಿನ ಹೆಸರು ಓದಿದಾಗ ಆಶ್ಚರ್ಯವಾಯ್ತು: ಒಪಿಯಾಯ್ಡ್. ಮಾರ್ಫಿನ್ ಹಿಡಿಯುವ ರಿಸೆಪ್ಟರನ್ನೇ ಇದೂ ಹಿಡಿಯುತ್ತೆ. ಹಾಗಾದ್ರೆ ಇದನ್ನು ನುಂಗಿದವರಿಗೆ ಅಮಲು ಯಾಕೆ ಏರಲ್ಲ? ಉಸಿರು ಯಾಕೆ ನಿಧಾನ ಆಗಲ್ಲ?

ಉತ್ತರ ಇರೋದು ನಮ್ಮ ಮೆದುಳಿನ ರಕ್ತನಾಳಗಳ ಗೋಡೆಯಲ್ಲಿ. ಅಲ್ಲಿನ ಜೀವಕೋಶಗಳಲ್ಲಿ ಪಿ-ಗ್ಲೈಕೋಪ್ರೋಟೀನ್ ಎಂಬ ಸಾಗಣೆ ಪ್ರೋಟೀನ್ ಇದೆ. ಮೆಕ್ಯಾನಿಕಲ್‌ನವರ ಭಾಷೆಯಲ್ಲಿ ಅದೊಂದು ಪಂಪ್, ಎಟಿಪಿ ಅದರ ಇಂಧನ. ಒಳಗೆ ನುಸುಳುವ ಲೋಪೆರಮೈಡ್ ಅಣುಗಳನ್ನು ಅದು ಮತ್ತೆ ರಕ್ತಕ್ಕೇ ತಳ್ಳುತ್ತೆ. ಇದೇ ಪಂಪ್ ಕರುಳು, ಯಕೃತ್ತು, ಮೂತ್ರಪಿಂಡಗಳಲ್ಲೂ ಇದೆ.

ಪಂಪ್ ಇಲ್ಲದಿದ್ದರೆ ಏನಾಗುತ್ತೆ ಅನ್ನೋದು ಆಕಸ್ಮಿಕವಾಗಿ ಗೊತ್ತಾಯ್ತು. ಆಮ್‌ಸ್ಟರ್‌ಡಾಮ್‌ನ ನೆದರ್‌ಲ್ಯಾಂಡ್ಸ್ ಕ್ಯಾನ್ಸರ್ ಇನ್‌ಸ್ಟಿಟ್ಯೂಟ್‌ನಲ್ಲಿ ಆಲ್ಫ್ರೆಡ್ ಶಿಂಕೆಲ್ ಮತ್ತು ಸಂಗಡಿಗರು ಈ ಪಂಪಿನ ಜೀನ್ ತೆಗೆದ ಇಲಿಗಳನ್ನು ಬೆಳೆಸಿದ್ದರು. ಇಲಿಗಳು ಆರೋಗ್ಯವಾಗೇ ಇದ್ದವು. ಮೈಮೇಲಿನ ನುಸಿ ಹೋಗಲಿ ಅಂತ ಐವರ್ಮೆಕ್ಟಿನ್ ಸಿಂಪಡಿಸಿದಾಗ ಮಾಮೂಲಿ ಇಲಿಗಳಿಗೆ ಏನೂ ಆಗಲಿಲ್ಲ, ಪಂಪ್ ಇಲ್ಲದವು ಸತ್ತವು. ಅವುಗಳ ಮೆದುಳಲ್ಲಿ ಆ ಔಷಧ ಹತ್ತಾರು ಪಟ್ಟು ಹೆಚ್ಚು ಸೇರಿಕೊಳ್ಳುತ್ತಿತ್ತು. 1994ರಲ್ಲಿ ಈ ಸಂಶೋಧನೆ ಪ್ರಕಟವಾಯ್ತು. ಮುಂದೆ ಅಂಥ ಇಲಿಗಳಿಗೆ ಲೋಪೆರಮೈಡ್ ಕೊಟ್ಟು ನೋಡಿದಾಗ ಅದು ಮಾರ್ಫಿನ್ ಥರವೇ ವರ್ತಿಸಿತು.

ನಮಗೆ ಆ ಜೀನ್ ಇದೆಯಲ್ಲ, ನಮಗ್ಯಾಕೆ ಭಯ ಅನ್ನಬಹುದು. ಆದರೆ ಜೀನ್ ತೆಗೆಯಬೇಕಾಗಿಲ್ಲ, ಇನ್ನೊಂದು ಔಷಧ ಬಂದು ಪಂಪನ್ನು ಕಟ್ಟಿಹಾಕಿದ್ರೂ ಸಾಕು. ಹೃದಯ ಬಡಿತದ ಏರುಪೇರಿಗೆ ಕೊಡುತ್ತಿದ್ದ ಕ್ವಿನಿಡಿನ್ ಅಂಥದ್ದು. 2000ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ ಆರೋಗ್ಯವಂತರಿಗೆ ಲೋಪೆರಮೈಡ್ ಒಂದನ್ನೇ ಕೊಟ್ಟಾಗ ಉಸಿರಾಟಕ್ಕೆ ತೊಂದರೆ ಆಗಲಿಲ್ಲ. ಕ್ವಿನಿಡಿನ್ ಜೊತೆ ಕೊಟ್ಟಾಗ ಉಸಿರಾಟ ಕುಗ್ಗಿತು.

ಕ್ವಿನಿಡಿನ್‌ನ ಈ ಗುಣ ಅದಕ್ಕೂ ಮೊದಲೇ ರೋಗಿಗಳನ್ನು ಕಾಡಿತ್ತು. ಡಿಗಾಕ್ಸಿನ್ ಎಂಬ ಹೃದಯದ ಔಷಧದ ಜೊತೆ ಅದನ್ನು ಕೊಟ್ಟರೆ ರಕ್ತದಲ್ಲಿ ಡಿಗಾಕ್ಸಿನ್ ಹೆಚ್ಚುಕಮ್ಮಿ ಎರಡರಷ್ಟಾಗುತ್ತೆ ಅಂತ 1978ರಲ್ಲಿ ವೈದ್ಯರು ವರದಿ ಮಾಡಿದರು. ಡಿಗಾಕ್ಸಿನ್‌ನಲ್ಲಿ ಗುಣ ಮಾಡುವ ಪ್ರಮಾಣಕ್ಕೂ ವಿಷವಾಗುವ ಪ್ರಮಾಣಕ್ಕೂ ಅಂತರ ತೀರಾ ಕಮ್ಮಿ. ಇದರ ಹಿಂದೆ ಈ ಪಂಪ್ ಇದೆ ಅಂತ ಸ್ಪಷ್ಟವಾಗೋಕೆ ಸುಮಾರು 20 ವರ್ಷ ಬೇಕಾಯ್ತು. ಡೋಸ್ ಯಾರೂ ಹೆಚ್ಚಿಸಿರಲಿಲ್ಲ. ಹೊರಗೆ ಹೋಗುವ ದಾರಿ ಕಟ್ಟಿತ್ತು, ಅಷ್ಟೇ.

ಅದಕ್ಕೇ ಈಗ ಹೊಸ ಔಷಧ ತಯಾರಿಸುವಾಗ ಪಂಪುಗಳ ಪರೀಕ್ಷೆಯೂ ನಡೆಯುತ್ತೆ. ಮನುಷ್ಯರ ಕರುಳಿನ ಕ್ಯಾನ್ಸರ್‌ನಿಂದ ಪಡೆದ ಕಾಕೋ-2 ಜೀವಕೋಶಗಳನ್ನು ತೆಳು ಪೊರೆಯ ಮೇಲೆ ಒಂದೇ ಪದರವಾಗಿ ಬೆಳೆಸ್ತಾರೆ. ಔಷಧ ಕರುಳಿನ ಕಡೆಯಿಂದ ರಕ್ತದ ಕಡೆಗೆ ಎಷ್ಟು ವೇಗವಾಗಿ ದಾಟುತ್ತೆ, ವಾಪಸ್ ಎಷ್ಟು ವೇಗವಾಗಿ ಬರುತ್ತೆ ಅಂತ ಅಳೀತಾರೆ. ವಾಪಸ್ ಬರುವ ವೇಗ ಎರಡು ಪಟ್ಟು ಅಥವಾ ಇನ್ನೂ ಹೆಚ್ಚಿದ್ದು, ಪಂಪನ್ನು ತಡೆದಾಗ ಆ ವ್ಯತ್ಯಾಸ ಇಳಿದರೆ, ಆ ಔಷಧ ಪಂಪಿನ ಗಿರಾಕಿ ಅಂತ ಲೆಕ್ಕ. ಹೊಸ ಔಷಧವೇ ಪಂಪನ್ನು ತಡೆಯುತ್ತಾ ಅಂತ ಮನುಷ್ಯರಲ್ಲಿ ನೋಡೋಕೆ ಅದೇ ಹಳೇ ಡಿಗಾಕ್ಸಿನ್ನನ್ನು ಅಳತೆಗೋಲಾಗಿ ಬಳಸ್ತಾರೆ.

ಇಷ್ಟೆಲ್ಲ ಮಾಡಿದ್ರೂ ಲ್ಯಾಬಿಗೆ ಗೊತ್ತಾಗದ ವಿಷಯ ಒಂದಿದೆ: ಮಾತ್ರೆ ನುಂಗುವವರ ದೇಹದಲ್ಲಿ ಆಗಲೇ ಇನ್ನೇನಿದೆ ಅನ್ನೋದು. ಅದು ಜ್ಯೂಸ್ ಕೂಡ ಆಗಿರಬಹುದು. ಅಲರ್ಜಿಗೆ ತಗೊಳ್ಳುವ ಫೆಕ್ಸೊಫೆನಡಿನ್ ಕರುಳಿನಿಂದ ಒಳಗೆ ಬರೋಕೆ ಇನ್ನೊಂದು ಬಗೆಯ ಸಾಗಣೆ ಪ್ರೋಟೀನ್ ಬೇಕು. ಕಿತ್ತಳೆ, ಸೇಬಿನ ಜ್ಯೂಸ್ ಅದನ್ನು ತಡೆದು ಮಾತ್ರೆಯ ಬಲ ತಗ್ಗಿಸುತ್ತೆ. ಅದಕ್ಕೇ ನೀರಿನ ಜೊತೆ ನುಂಗಿ ಅನ್ನೋದು. ಟಿಬಿಗೆ ಕೊಡುವ ರಿಫಾಂಪಿಸಿನ್ ಇನ್ನೊಂದು ಥರ. ಅದು ಕರುಳಿನಲ್ಲಿ ಪಿ-ಗ್ಲೈಕೋಪ್ರೋಟೀನನ್ನೇ ಹೆಚ್ಚಿಸಿ ಬೇರೆ ಕೆಲವು ಔಷಧಗಳನ್ನು ರಕ್ತಕ್ಕೆ ಸೇರೋಕೆ ಬಿಡಲ್ಲ.

ಟಿಬಿ ಮಾತ್ರೆ ತಿಂಗಳುಗಟ್ಟಲೆ ನಡೆಯುತ್ತೆ. ಫಿಟ್ಸ್‌ಗೆ, ಮನಸ್ಸಿನ ಕಾಯಿಲೆಗೆ ಕೊಡುವ ಮಾತ್ರೆಗಳು ವರ್ಷಗಟ್ಟಲೆ ನಡೆಯಬಹುದು. ನಮ್ಮ ಕಾರಿಡಾರಿನಲ್ಲಿ ಇವನ್ನು ತಗೊಳ್ಳುವವರು ಇದ್ದರೂ ಅವರು ಬಾಯಿಬಿಟ್ಟು ಹೇಳೋದು ಕಷ್ಟ. ಹೇಳಿದ್ರೆ ಮೆಸ್‌ನಲ್ಲಿ ತಟ್ಟೆ ದೂರ ಸರಿಯುತ್ತೆ ಅನ್ನೋ ಭಯ. ಲೋಪೆರಮೈಡ್ ಒಂದನ್ನೇ ಹೇಳಿದ ಪ್ರಮಾಣದಲ್ಲಿ ತಗೊಂಡ್ರೆ ಸಾಮಾನ್ಯವಾಗಿ ಭಯವಿಲ್ಲ. ತೊಂದರೆ ಇರೋದು ಮುಚ್ಚಿಟ್ಟ ಎರಡನೇ ಮಾತ್ರೆಯಲ್ಲಿ.

ಹಾಗಾಗಿ ಮಾತ್ರೆ ಕೇಳಿಕೊಂಡು ಬಂದವರನ್ನು ನಾವು ಒಂದೇ ಪ್ರಶ್ನೆ ಕೇಳೋಣ: ಬೇರೆ ಏನು ತಗೋತಿದ್ದೀಯ? ‘ಏನೂ ಇಲ್ಲ’ ಅನ್ನುವ ಮುಂಚೆ ಅವರು ಒಂದು ಕ್ಷಣ ತಡೆದ್ರೆ ಕೆದಕೋದು ಬೇಡ, ಸ್ಟ್ರಿಪ್ ಕೊಡೋದೂ ಬೇಡ. ಜೊತೆಗೆ ಡಾಕ್ಟರ್ ಹತ್ರ ಹೋಗಿ ಬಾಗಿಲ ಹೊರಗೆ ಕಾಯೋಣ.