ತಪ್ಪು ಲೆಕ್ಕದ ಡಯಲ್

ನನ್ನ ಓದುವ ಮೇಜಿನ ಮೇಲೆ ಬಾಟಲಿ ಮುಚ್ಚಳದಷ್ಟು ಗಾತ್ರದ ಒಂದು ಕಪ್ಪು ಅಲ್ಯೂಮಿನಿಯಂ ಡಯಲ್ ಇದೆ. ನೋಡಿದವರು ಹಳೇ ರೇಡಿಯೋದ ಕಿವಿ ಎಂದುಕೊಳ್ಳುತ್ತಾರೆ. ಅದರ ಸುತ್ತ 2, 3, 4, 5, 6 ಎಂದು ಬಿಳಿ ಅಂಕಿಗಳನ್ನು ಕೆತ್ತಲಾಗಿದೆ. ಎರಡಕ್ಕೂ ಮೂರಕ್ಕೂ ನಡುವಿನ ಜಾಗ ಕಡಿಮೆ, ಐದಕ್ಕೂ ಆರಕ್ಕೂ ನಡುವಿನದು ಹೆಚ್ಚು. ಅದು ಕೋವಿಯ ದುರ್ಬೀನಿನ ಮೇಲೆ ಕೂರಬೇಕಾದ ಡಯಲ್. ಅಂಕಿಗಳು ನೂರು ಗಜಗಳ ಲೆಕ್ಕದವು. ಅವುಗಳಲ್ಲಿ ಕೊನೆಯ ಎರಡು ತಪ್ಪು. ಆ ತಪ್ಪು ನನ್ನದು.

ನಾನು ಸಂಶೋಧನೆಗೆಂದು ಬಂದಿರುವುದು ಅಮೆರಿಕದ ವಯೋಮಿಂಗ್ ರಾಜ್ಯದ ಲಾರಮಿ ಎಂಬ ಊರಿಗೆ. ಸಮುದ್ರಮಟ್ಟದಿಂದ ಸುಮಾರು 7,200 ಅಡಿ ಎತ್ತರದಲ್ಲಿದೆ. ನಮ್ಮ ಮುಳ್ಳಯ್ಯನಗಿರಿಯ ತುದಿಗಿಂತಲೂ ಎತ್ತರದಲ್ಲಿ ಒಂದು ಬಯಲು, ಆ ಬಯಲಿನಲ್ಲಿ ಒಂದು ಊರು, ಊರಿನ ತುಂಬ ಗಾಳಿ. ಬಂದ ಮೊದಲ ತಿಂಗಳು ಎರಡು ಮಹಡಿ ಹತ್ತಿದರೆ ಏದುಸಿರು. ನನ್ನ ವಿಷಯ ಹಿಮ. ಗಾಳಿ ಬೀಸುವಾಗ ಹಿಮ ಅಳೆಯುವ ಡಬ್ಬಿಗಳೊಳಗೆ ಬೀಳಬೇಕಾದಷ್ಟು ಹಿಮ ಬೀಳುವುದಿಲ್ಲ, ಪಕ್ಕಕ್ಕೆ ಹಾರಿಹೋಗುತ್ತದೆ. ಹಾಗೆ ತಪ್ಪಿಸಿಕೊಂಡದ್ದು ಎಷ್ಟು ಎಂದು ಲೆಕ್ಕ ಹಾಕುವುದು ನನ್ನ ಕೆಲಸ. ವಾತಾವರಣದ ಒತ್ತಡ, ಉಷ್ಣತೆ, ಗಾಳಿಯ ಸಾಂದ್ರತೆ ಇವೆಲ್ಲ ನನಗೆ ದಿನನಿತ್ಯದ ಮಾತು. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಮುಂದೆ ಹೇಳುವುದು ಇದರಿಂದಾಗಿಯೇ ನಾಚಿಕೆಯ ಸಂಗತಿ.

ನಾನು ಬಾಡಿಗೆಗಿರುವ ಮನೆಯ ಮಾಲೀಕರು ರೈಲ್ವೆಯಲ್ಲಿ ದುಡಿದು ನಿವೃತ್ತರಾದವರು. ವಯಸ್ಸು ಎಪ್ಪತ್ತೊಂದು, ಹೆಂಡತಿ ತೀರಿಕೊಂಡಿದ್ದಾರೆ. ಪ್ರತಿವರ್ಷ ಅಕ್ಟೋಬರ್‌ನಲ್ಲಿ ಪರವಾನಗಿ ಪಡೆದು ಎಲ್ಕ್ ಬೇಟೆಗೆ ಹೋಗುತ್ತಾರೆ. ಎಲ್ಕ್ ಎಂದರೆ ನಮ್ಮ ಕಡವೆಯ ದೊಡ್ಡಣ್ಣ ಎನ್ನಬಹುದಾದ ಪ್ರಾಣಿ. ಒಂದು ಸಿಕ್ಕರೆ ಚಳಿಗಾಲವಿಡೀ ಅವರ ಮನೆಯ ಮಾಂಸ ಅದೇ. ನನ್ನನ್ನು ಅವರು ಕರೆಯುವುದು ‘ಡಾಕ್ಟರ್’ ಎಂದು. ಇನ್ನೂ ಆಗಿಲ್ಲ ಎಂದರೆ, ‘ಅಭ್ಯಾಸವಾಗಲಿ ಬಿಡು’ ಎನ್ನುತ್ತಾರೆ.

ಕಳೆದ ವರ್ಷ ಜೂನ್‌ನಲ್ಲಿ ಅವರು ತಮ್ಮ ಕೋವಿಯನ್ನು ಅಡುಗೆಮನೆಯ ಮೇಜಿನ ಮೇಲಿಟ್ಟು ಒಂದು ಕೆಲಸ ಹೇಳಿದರು. ಕೋವಿಯ ಹಿಡಿಗೆ ಒಂದು ಚೀಟಿ ಅಂಟಿಸಿತ್ತು. ಎಷ್ಟು ಗಜಕ್ಕೆ ದುರ್ಬೀನನ್ನು ಎಷ್ಟು ಏರಿಸಬೇಕು ಎಂಬ ಪಟ್ಟಿ. ಕಣ್ಣು ಮಂದವಾಗಿ ಆ ಸಣ್ಣ ಅಕ್ಷರಗಳು ಕಾಣುತ್ತಿರಲಿಲ್ಲ. ಮಂಡಿಯೂ ಸೋತಿತ್ತು. ಮೊದಲಿನಂತೆ ತೆವಳಿಕೊಂಡು ಪ್ರಾಣಿಯ ಹತ್ತಿರಕ್ಕೆ ಹೋಗಲು ಆಗದು, ದೂರದಿಂದಲೇ ಹೊಡೆಯಬೇಕು. ಅದಕ್ಕೆ ದೊಡ್ಡ ಅಂಕಿಗಳ ಡಯಲ್ ಮಾಡಿಸುತ್ತೇನೆ, ಲೆಕ್ಕ ನೀನು ಮಾಡಿಕೊಡು ಎಂದರು.

ಆ ಡಯಲಿನ ಮರ್ಮ ಇಷ್ಟು. ಗುಂಡು ನಳಿಗೆ ಬಿಟ್ಟ ಕ್ಷಣದಿಂದಲೇ ಕೆಳಕ್ಕೆ ಬೀಳತೊಡಗುತ್ತದೆ. ಅವರದು .30-06 ಕೋವಿ, 180 ಗ್ರೇನ್ ತೂಕದ ಗುಂಡು. 200 ಗಜಕ್ಕೆ ಗುರಿ ಕೂಡಿಸಿದ್ದರೆ 300 ಗಜದಲ್ಲಿ ಸುಮಾರು ಎಂಟು ಇಂಚು ಕೆಳಗೆ ಹೋಗುತ್ತದೆ, 600 ಗಜದಲ್ಲಿ ಹೆಚ್ಚುಕಡಿಮೆ ಒಂದಾಳು ಎತ್ತರ. ಅದಕ್ಕಾಗಿ ದುರ್ಬೀನಿನ ಮೇಲಿನ ಡಯಲ್ ತಿರುಗಿಸಿ ನಳಿಗೆಯ ಮೂತಿ ಅಷ್ಟು ಮೇಲೇಳುವಂತೆ ಮಾಡಬೇಕು. ಸಾಧಾರಣ ಡಯಲಿನ ಮೇಲಿರುವುದು ಕೋನದ ಅಳತೆ. ಒಂದು ಡಿಗ್ರಿಯ ಅರವತ್ತನೇ ಒಂದು ಪಾಲು ಒಂದು ಮಿನಿಟು. ಡಯಲಿನ ಒಂದು ‘ಕಿಟ್’ ಎಂದರೆ ಆ ಮಿನಿಟಿನ ಕಾಲುಭಾಗ. ಅದು 100 ಗಜದಲ್ಲಿ ಕಾಲು ಇಂಚು, 600 ಗಜದಲ್ಲಿ ಒಂದೂವರೆ ಇಂಚು ಗುಂಡನ್ನು ಸರಿಸುತ್ತದೆ. ಇದನ್ನೆಲ್ಲ ಕಾಡಿನಲ್ಲಿ, ಉಸಿರು ಬಿಗಿಹಿಡಿದು ಲೆಕ್ಕ ಹಾಕುವವರು ಯಾರು? ಆದ್ದರಿಂದ ಒಬ್ಬರ ಕೋವಿಗೆಂದೇ ಮಾಡಿಸಿದ ಡಯಲಿನಲ್ಲಿ ಕೋನದ ಬದಲು ನೇರ ದೂರವನ್ನೇ ಕೆತ್ತುತ್ತಾರೆ. ನಾನೂರು ಗಜ ದೂರವೆಂದು ಗೊತ್ತಾದರೆ ನಾಲ್ಕಕ್ಕೆ ತಿರುಗಿಸಿದರೆ ಆಯಿತು.

ಆದರೆ ಆ ಸರಾಗಕ್ಕೆ ಬೆಲೆಯಿದೆ. ಆ ಅಂಕಿಗಳು ಒಂದು ಕೋವಿಗೆ, ಒಂದು ಬಗೆಯ ತೋಟಾಕ್ಕೆ, ಒಂದು ವೇಗಕ್ಕೆ, ನಳಿಗೆಗೂ ದುರ್ಬೀನಿಗೂ ನಡುವಿನ ಒಂದು ಅಂತರಕ್ಕೆ, ಒಂದು ಬಗೆಯ ಗಾಳಿಗೆ ಮಾತ್ರ ನಿಜ. ತೆಳುಗಾಳಿಯಲ್ಲಿ ಗುಂಡಿಗೆ ತಡೆ ಕಡಿಮೆ, ಆದ್ದರಿಂದ ಬೀಳುವುದೂ ಕಡಿಮೆ. ಕರಾವಳಿಗೆ ಕೆತ್ತಿದ್ದು ಬೆಟ್ಟಕ್ಕೆ ಸಲ್ಲದು.

ಗಾಳಿಯ ತಡೆ ಇಷ್ಟು ದೊಡ್ಡ ಸಂಗತಿ ಎಂದು ಜಗತ್ತಿಗೆ ತಿಳಿದದ್ದು ತಡವಾಗಿ. ಎಸೆದದ್ದು ಪರವಲಯದ ದಾರಿಯಲ್ಲಿ ಹೋಗುತ್ತದೆಂದು ಗೆಲಿಲಿಯೋ 1638ರಲ್ಲಿ ಬರೆದ. ಗಾಳಿಯಿಲ್ಲದ ಕಡೆ ಅದು ಸರಿ. ಬೆಂಜಮಿನ್ ರಾಬಿನ್ಸ್ ಎಂಬ ಇಂಗ್ಲಿಷ್ ಗಣಿತಜ್ಞ ತೂಗುಬಿಟ್ಟ ಮರದ ದಿಮ್ಮಿಗೆ ಗುಂಡು ಹೊಡೆದು, ದಿಮ್ಮಿ ಎಷ್ಟು ಹಿಂದಕ್ಕೆ ತೂಗಿತೆಂದು ಅಳೆದು ಗುಂಡಿನ ವೇಗ ಕಂಡುಹಿಡಿದ. ಗಾಳಿಯ ತಡೆ ಎಲ್ಲರೂ ಎಣಿಸಿದ್ದಕ್ಕಿಂತ ಬಹಳ ಹೆಚ್ಚು ಎಂದು 1742ರ ತನ್ನ ಪುಸ್ತಕದಲ್ಲಿ ತೋರಿಸಿದ. ಮೂರು ವರ್ಷದಲ್ಲಿ ಮಹಾಗಣಿತಜ್ಞ ಆಯ್ಲರ್ ಅದನ್ನು ಜರ್ಮನ್‌ಗೆ ತಂದ. ಇದೇ ರಾಬಿನ್ಸ್ ಮುಂದೆ ಈಸ್ಟ್ ಇಂಡಿಯಾ ಕಂಪನಿಯ ಎಂಜಿನಿಯರಾಗಿ ನಮ್ಮ ಕಡೆಗೇ ಬಂದು, 1751ರಲ್ಲಿ ತಮಿಳುನಾಡಿನ ಕಡಲೂರಿನ ಹತ್ತಿರದ ಸೇಂಟ್ ಡೇವಿಡ್ ಕೋಟೆಯಲ್ಲಿ ತೀರಿಕೊಂಡ. ಗುಂಡಿನ ದಾರಿಯ ಪಟ್ಟಿ ಎಷ್ಟು ಬೇಸರದ ಲೆಕ್ಕವೆಂದರೆ, ಅದಕ್ಕಾಗಿಯೇ ಅಮೆರಿಕದ ಸೈನ್ಯ ಹಣ ಕೊಟ್ಟು ಕಟ್ಟಿಸಿದ ಯಂತ್ರ ಎನಿಯಾಕ್, 1946ರಲ್ಲಿ ಜನರೆದುರು ಬಂದ ಕಂಪ್ಯೂಟರುಗಳ ಅಜ್ಜಿ. ಇಂದು ಅದೇ ಲೆಕ್ಕ ಮೊಬೈಲಿನಲ್ಲಿ ಕಣ್ಣು ಮಿಟುಕಿಸುವಷ್ಟರಲ್ಲಿ ಆಗುತ್ತದೆ.

ನಾನೂ ಹಾಗೆಯೇ ಮಾಡಿದೆ. ಗುಂಡಿನ ತೂಕ, ಆಕಾರದ ಗುಣಾಂಕ, ಅವರೇ ಅಳೆದಿಟ್ಟ ವೇಗ, ಉಷ್ಣತೆ ಎಲ್ಲ ತುಂಬಿದೆ. ‘ಒತ್ತಡ’ ಎಂಬ ಖಾನೆ ಬಂತು. ಫೋನಿನ ಹವಾಮಾನದ ಪುಟ ತೆರೆದೆ, 30.1 ಇಂಚು ಪಾದರಸ ಎಂದಿತ್ತು. ಅದನ್ನೇ ಬರೆದೆ. ಪಟ್ಟಿ ಬಂತು. ಡಯಲ್ ಕೆತ್ತುವವರಿಗೆ ಕಳಿಸಿದೆವು.

ಹವಾಮಾನದವರು ಊರೂರಿನ ಒತ್ತಡವನ್ನು ಹೋಲಿಸಿ ನೋಡಲೆಂದು ಎಲ್ಲವನ್ನೂ ಸಮುದ್ರಮಟ್ಟಕ್ಕೆ ಇಳಿಸಿ ಹೇಳುತ್ತಾರೆ. ಲಾರಮಿಯ ಗಾಳಿಯ ನಿಜವಾದ ಒತ್ತಡ 23 ಇಂಚಿನ ಆಸುಪಾಸು. ಇದು ಈ ವಿಷಯದ ಮೊದಲ ವರ್ಷದ ಪಾಠ. ಅದನ್ನು ನಾನು ಬಿ.ಎಸ್ಸಿ. ಹುಡುಗರಿಗೆ ಹೇಳಿಕೊಟ್ಟಿದ್ದೇನೆ, ತಪ್ಪು ಬರೆದವರ ಅಂಕ ಕಳೆದಿದ್ದೇನೆ. ಉಸಿರು ಕಟ್ಟುವ ಊರಿನಲ್ಲಿ ಕುಳಿತು ಮಂಗಳೂರಿನ ಗಾಳಿಗೆ ಡಯಲ್ ಮಾಡಿಸಿಬಿಟ್ಟಿದ್ದೆ.

ಡಯಲ್ ಆಗಸ್ಟ್‌ನಲ್ಲಿ ಬಂತು. ಮಾಲೀಕರು ಅದನ್ನು ಬೆರಳಲ್ಲಿ ಸವರಿ, ಕನ್ನಡಕವಿಲ್ಲದೆ ಓದಿ ಮಗುವಿನ ಹಾಗೆ ನಕ್ಕರು. ಮರುದಿನ ಊರಾಚೆಯ ಗುರಿಮೈದಾನಕ್ಕೆ ನನ್ನನ್ನೂ ಕರೆದುಕೊಂಡು ಹೋದರು. ಹನ್ನೆರಡು ಇಂಚು ಅಗಲದ ದುಂಡು ಉಕ್ಕಿನ ತಟ್ಟೆಗಳು ಬೇರೆಬೇರೆ ದೂರದಲ್ಲಿ ತೂಗುತ್ತಿದ್ದವು. ನಾನು ಪಕ್ಕದಲ್ಲಿ ಇನ್ನೊಂದು ದುರ್ಬೀನಿನಲ್ಲಿ ಕಣ್ಣಿಟ್ಟು ಗುಂಡು ಎಲ್ಲಿ ತಾಗಿತೆಂದು ಹೇಳಬೇಕು. ಮೂರಕ್ಕೆ ತಿರುಗಿಸಿ 300 ಗಜದ್ದಕ್ಕೆ ಹೊಡೆದರು. ಠಣ್, ನಡುಮಧ್ಯೆ. ನಾನೂರರದ್ದು ಒಂಚೂರು ಮೇಲೆ, ಅವರು ಲೆಕ್ಕಿಸಲಿಲ್ಲ. ಐನೂರರದ್ದೂ ಠಣ್ ಎಂದಿತು, ಆದರೆ ಗುರುತು ತಟ್ಟೆಯ ಮೇಲಂಚಿನ ಕಡೆಗಿತ್ತು. ಅವರು ಏನೂ ಅನ್ನಲಿಲ್ಲ. ಆರಕ್ಕೆ ತಿರುಗಿಸಿದರು.

600 ಗಜದ ತಟ್ಟೆಯ ಸದ್ದು ಹಿಂದಿರುಗಿ ಬರಲು ಎರಡೂವರೆ ಸೆಕೆಂಡಿನಷ್ಟು ಬೇಕು. ಕಾದೆವು. ಸದ್ದಿಲ್ಲ. ತಟ್ಟೆಯ ನೆತ್ತಿಯ ಹಿಂದೆ, ದಿಬ್ಬದ ಮೇಲೆ ಧೂಳು ಎದ್ದಿತ್ತು. ‘ಮೇಲೆ ಹೋಯಿತು’ ಎಂದೆ. ಇನ್ನೊಂದು ಹೊಡೆದರು. ಅದೇ ಜಾಗದಲ್ಲಿ ಧೂಳು. ಮೂರನೆಯದೂ ಹಾಗೆಯೇ. ಕೈ ನಡುಗಿ ತಪ್ಪಿದ ಗುಂಡುಗಳು ಅಲ್ಲಿ ಇಲ್ಲಿ ಬೀಳುತ್ತವೆ. ಇವು ಒಂದೇ ಕಡೆ ಬೀಳುತ್ತಿದ್ದವು, ಎಂಟು ಇಂಚಿನಷ್ಟು ಮೇಲೆ.

ನನಗೆ ಮೂರನೆಯ ಧೂಳಿಗೇ ಹೊಳೆಯಿತು. ಹೊಟ್ಟೆಯಲ್ಲಿ ತಣ್ಣಗಾಯಿತು. ಅವರು ಬೇಟೆಗೆ ಹೋಗುವ ಸ್ನೋವಿ ರೇಂಜ್ ಇನ್ನೂ ಎತ್ತರ, ಅಲ್ಲಿ ವ್ಯತ್ಯಾಸ ಇನ್ನೂ ಹೆಚ್ಚು. ಎಲ್ಕಿನ ಎದೆಗೂಡಿನ ನಡುವಿಗೆ ಇಟ್ಟ ಗುರಿ ಎಂಟು ಹತ್ತು ಇಂಚು ಮೇಲೆ ಹೋದರೆ ಅದು ಸಾಯುವುದಿಲ್ಲ, ಬೆನ್ನು ಹರಿದುಕೊಂಡು ಓಡುತ್ತದೆ. ಸಾಯಲು ಎಷ್ಟು ದಿನವೋ. ನಾನು ಒತ್ತಡದ ಕಥೆ ಹೇಳಿದೆ, ತಡವರಿಸಿ ಕ್ಷಮೆ ಕೇಳಿದೆ. ಅವರು ಕೋವಿಯ ಬಾಯಿ ತೆರೆದು ಪಕ್ಕಕ್ಕಿಟ್ಟು, ‘ಡಾಕ್ಟರ್, ಅದಕ್ಕೇ ಮೊದಲು ಉಕ್ಕಿಗೆ ಹೊಡೆಯುವುದು. ಉಕ್ಕಿಗೆ ನೋವಾಗುವುದಿಲ್ಲ’ ಎಂದರು. ಬೈಯಲಿಲ್ಲ. ಬೈದಿದ್ದರೆ ಹಗುರಾಗುತ್ತಿತ್ತು.

ನನಗೆ ಅಷ್ಟೊಂದು ತಾಗಿದ್ದಕ್ಕೆ ಬೇರೆ ಕಾರಣವಿತ್ತು. ಮೂಡಿಗೆರೆ ಕಡೆಯ ನಮ್ಮ ಮನೆಯಲ್ಲಿ ಒಂದು ತೋಟಾ ಕೋವಿ ಇದೆ. ಪ್ರತಿ ಚುನಾವಣೆಗೂ ಅಪ್ಪ ಅದನ್ನು ಬಟ್ಟೆಯಲ್ಲಿ ಸುತ್ತಿ ಪೊಲೀಸ್ ಠಾಣೆಗೆ ಒಪ್ಪಿಸಿ ಬರುತ್ತಾರೆ, ಮುಗಿದ ಮೇಲೆ ತರುತ್ತಾರೆ. ಅದರ ಉಪಯೋಗ ಈಗ ಅಷ್ಟೇ. ಅಜ್ಜಯ್ಯನ ಕಾಲದಲ್ಲಿ ಗದ್ದೆಗೆ ಹಂದಿ ಬಂದರೆ ಅದು ಹೊರಬರುತ್ತಿತ್ತು. ಅರವತ್ತರ ದಶಕದ ಒಂದು ರಾತ್ರಿ, ಗದ್ದೆಯಂಚಿನ ಹಳುವಿನಲ್ಲಿ ಸಪ್ಪಳವಾಯಿತೆಂದು ಅಜ್ಜಯ್ಯ ಈಡು ಹೊಡೆದರು. ಅಲ್ಲಿದ್ದದ್ದು ಪಕ್ಕದ ಗದ್ದೆಗೆ ಕಾವಲಿಗೆ ಬಂದಿದ್ದ ಮನುಷ್ಯ. ಚರೆಗಳು ಹೆಗಲಿಗೂ ಮುಖಕ್ಕೂ ಹೊಕ್ಕವು. ಜೀವ ಉಳಿಯಿತು, ಒಂದು ಕಣ್ಣು ಹೋಯಿತು.

ನಾನು ಕಂಡಾಗ ಇಬ್ಬರೂ ಮುದುಕರು. ಅವರು ನಮ್ಮ ಅಂಗಳಕ್ಕೆ ಬಂದರೆ ಅಜ್ಜಯ್ಯ ಎದ್ದು ನಿಲ್ಲುತ್ತಿದ್ದರು. ಮನೆಗೆ ಯಾವ ದೊಡ್ಡವರು ಬಂದರೂ ಅಜ್ಜಯ್ಯ ಹಾಗೆ ಏಳುತ್ತಿರಲಿಲ್ಲ. ಅವರು, ‘ಕೂತ್ಕಳಿ ಗೌಡ್ರೆ, ನಂಗೆ ಒಂದ್ ಕಣ್ಣಲ್ಲೇ ಎಲ್ಲ ಕಾಣುತ್ತೆ’ ಎಂದು ನಗುತ್ತಿದ್ದರು. ಅಜ್ಜಯ್ಯ ಕೂರುತ್ತಿದ್ದರು, ನಗುತ್ತಿರಲಿಲ್ಲ. ಆ ರಾತ್ರಿಯ ಮೇಲೆ ಅವರು ಕೋವಿ ಮುಟ್ಟಲಿಲ್ಲ ಎಂದು ಅಪ್ಪ ಹೇಳುತ್ತಾರೆ. ನಾನು ವಿಜ್ಞಾನ ಓದಲು ಹೊರಟಾಗ ಒಳಗೊಳಗೇ ಒಂದು ಹಮ್ಮಿತ್ತು. ಸಪ್ಪಳಕ್ಕೆ ಈಡು ಹೊಡೆಯುವವರ ಮನೆಯಿಂದ ಬಂದರೂ ನಾನು ಅಳೆದು ನೋಡುವವಳು ಎಂದು. ಗುರಿಮೈದಾನದಲ್ಲಿ ಧೂಳು ಎದ್ದಾಗ ತಿಳಿಯಿತು, ನಾನೂ ಹೊಡೆದದ್ದು ಸಪ್ಪಳಕ್ಕೇ. ನನ್ನದರಲ್ಲಿ ದಶಮಾಂಶ ಬಿಂದು ಇತ್ತು, ಅಷ್ಟೇ.

ಮುಂದಿನ ಎರಡು ವಾರ ಸಂಜೆಗಳಲ್ಲಿ ಮೈದಾನಕ್ಕೆ ಹೋದೆವು. ಮೊದಲು ಹೊಡೆದು, ಎಲ್ಲಿ ತಾಗಿತೆಂದು ಬರೆದುಕೊಂಡು, ಆಮೇಲೆ ಲೆಕ್ಕ ಸರಿಪಡಿಸಿದೆವು. ಹೊಸ ಡಯಲಿಗೆ ಪಟ್ಟಿ ಕಳಿಸುವಾಗ ನಾನು ಹಣ ಕೊಡುತ್ತೇನೆಂದೆ, ಒಪ್ಪಲಿಲ್ಲ. ಲೆಕ್ಕ ಬೇರೆಯವರಿಗೆ ತೋರಿಸಿ ಎಂದೆ, ಅದಕ್ಕೂ ಒಪ್ಪಲಿಲ್ಲ. ‘ಇನ್ನು ಈ ತಪ್ಪು ಮಾಡದವಳು ನೀನೊಬ್ಬಳೇ’ ಎಂದರು. ಹಾಗೆಂದು ಅವರೂ ಒಂದು ತೀರ್ಮಾನ ಮಾಡಿದ್ದರು. ಹೊಸ ಡಯಲಿನಲ್ಲಿ ಆರರವರೆಗೂ ಅಂಕಿಗಳಿರಲಿ, ಉಕ್ಕಿಗೆ ಹೊಡೆಯಲು. ಪ್ರಾಣಿಗೆ ಮಾತ್ರ ಮುನ್ನೂರರ ಆಚೆಗಿಲ್ಲ, ಮಂಡಿ ಏನಾದರೂ ಹೇಳಲಿ.

ಅಕ್ಟೋಬರ್‌ನಲ್ಲಿ ಮೂರು ದಿನ ಒಂದು ಬಂಡೆಯ ಮರೆಯಲ್ಲಿ ಕುಳಿತು ಕಾದರಂತೆ. ನಾನೂರೈವತ್ತು ಗಜದಲ್ಲಿ ಒಂದು ಹಿಂಡು ನಿಂತಿತ್ತು, ಬಿಟ್ಟರಂತೆ. ಕೊನೆಗೆ ಹೊಡೆದದ್ದು 180 ಗಜದಲ್ಲಿ. ಒಂದೇ ಈಡು. ಅಷ್ಟು ಹತ್ತಿರಕ್ಕೆ ಡಯಲ್ ಮುಟ್ಟುವ ಅಗತ್ಯವೇ ಇರಲಿಲ್ಲ.

ಹಳೆಯ ಡಯಲನ್ನು ಕಸಕ್ಕೆ ಹಾಕಲು ಹೊರಟವರಿಂದ ನಾನು ಕೇಳಿ ಪಡೆದೆ. ಈಗ ನನ್ನ ಪ್ರಬಂಧದ ನಾಲ್ಕನೆಯ ಅಧ್ಯಾಯದ ಮೇಲೆ ಕೂತಿದೆ. ಆ ಅಧ್ಯಾಯದಲ್ಲಿ ಒಂದು ಜಾಗದ ಹಿಮದಿಂದ ಕಟ್ಟಿದ ಸೂತ್ರವನ್ನು ಇನ್ನೊಂದು ಜಾಗಕ್ಕೆ ಹಚ್ಚಿದ್ದೆ. ಸೊಗಸಾಗಿ ಹೊಂದಿತ್ತು. ಡಿಸೆಂಬರ್‌ನಲ್ಲಿ ಅದನ್ನು ಪಕ್ಕಕ್ಕಿಟ್ಟು, ಆ ಎರಡನೆಯ ಜಾಗಕ್ಕೇ ಹೋಗಿ, ಕೈಯಾರೆ ಹಿಮ ಅಳೆದು ತಂದೆ. ಹೊಂದಲಿಲ್ಲ. ಒಂದು ವರ್ಷದ ಕೆಲಸ ಮತ್ತೆ ಮಾಡಬೇಕಾಗಿದೆ. ಮಾರ್ಗದರ್ಶಕರಿಗೆ ಹೇಳುವ ಹಿಂದಿನ ರಾತ್ರಿ ಅಪ್ಪನಿಗೆ ಫೋನ್ ಮಾಡಿ ಇದನ್ನೆಲ್ಲ ಹೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಯಾರಿಗೂ ಏನೂ ಆಗಿಲ್ವಲ್ಲ ಮಗಾ, ಮತ್ತೆ ಮಾಡು’ ಎಂದರು.