ಕಂಟಕಭೂಮಿಯಲ್ಲಿ ಪಾದರಕ್ಷೆ

ಕಲಬುರಗಿ ಜಿಲ್ಲೆಯ ಆಳಂದ, ಅಫಜಲಪುರ, ಜೇವರ್ಗಿ ತಾಲ್ಲೂಕುಗಳಲ್ಲಿ ದಾರಿಯನ್ನು ಬಿಟ್ಟು ನಡೆದು ಬಲ್ಲವರಿಗೆ ಒಂದು ಮಾತನ್ನು ಹೊಸದಾಗಿ ಹೇಳಬೇಕಾದುದಿಲ್ಲ: ಇಲ್ಲಿ ಕಣ್ಣು ಮುಂದೆ ನೋಡುವುದಕ್ಕಿಂತ ಹೆಚ್ಚಾಗಿ ಕೆಳಗೆ ನೋಡಬೇಕಾಗುವುದು. ಭೀಮೆಯ ಸೀಮೆಯ ಎರೆಹೊಲಗಳಲ್ಲಿ ತೊಗರಿಯೂ ಜೋಳವೂ ಎಷ್ಟು ಸಮೃದ್ಧವಾಗಿ ಬೆಳೆಯುವುವೋ, ಬದುಗಳಲ್ಲಿಯೂ ಪಡಬಿದ್ದ ನೆಲದಲ್ಲಿಯೂ ಹಳ್ಳದ ಮಗ್ಗುಲಲ್ಲಿಯೂ ಮುಳ್ಳು ಅಷ್ಟೇ ಸಮೃದ್ಧವಾಗಿ ಬೆಳೆಯುವುದು. ಕರಿಜಾಲಿಯ ಮುಳ್ಳು ನೀಳವೂ ಬಿಳುಪೂ ಆಗಿ ದಬ್ಬಣದಂತೆ ನೆಟ್ಟಗಿರುವುದು. ಬೋರೆಯ ಮುಳ್ಳು ಕೊಕ್ಕೆಯಂತೆ ಬಾಗಿ ಪಂಚೆಯನ್ನು ಹಿಡಿಯುವುದು. ನೆಗ್ಗಿಲ ಕಾಯಿಯು ಹೇಗೆ ಬಿದ್ದರೂ ಒಂದು ಮೊನೆಯನ್ನು ಮೇಲಕ್ಕೆ ಎತ್ತಿಕೊಂಡೇ ಇರುವುದು. ಇವುಗಳ ಜೊತೆಗೆ 19ನೆಯ ಶತಮಾನದಲ್ಲಿ ಅಮೆರಿಕಾ ಖಂಡದಿಂದ ತರಿಸಿದ ಬಳ್ಳಾರಿ ಜಾಲಿಯು ಈಗ ಕರೆಯದೆಯೇ ಬಂದ ಬಂಧುವಿನಂತೆ ಎಲ್ಲೆಲ್ಲಿಯೂ ನೆಲೆಸಿರುವುದು.

ಇನ್ನು ಪಾಪಾಸುಕಳ್ಳಿಯ ವಿಚಾರವೇ ಬೇರೆ. ಅದೂ ಅಮೆರಿಕೆಯಿಂದ ಬಂದುದೇ. ಒಂದು ಕಾಲಕ್ಕೆ ಅದು ದಕ್ಷಿಣದ ಬಯಲುಗಳನ್ನು ನುಂಗತೊಡಗಲು, 1926ರಲ್ಲಿ ಸಿಂಹಳದಿಂದ ಕೊಚಿನೀಲು ಹುಳುವನ್ನು ತಂದು ಬಿಟ್ಟರು. ಆ ಹುಳು ಕಳ್ಳಿಯನ್ನು ತಿಂದು ಬಹುಭಾಗವನ್ನು ಅಡಗಿಸಿತು. ಆದರೂ ಬೇಲಿಗಳಲ್ಲಿ ಅಲ್ಲಲ್ಲಿ ಅದು ಉಳಿದಿದೆ. ಅದರ ದೊಡ್ಡ ಮುಳ್ಳು ಕಣ್ಣಿಗೆ ಕಾಣುವುದರಿಂದ ಅಷ್ಟು ಭಯವಿಲ್ಲ. ಬುಡದಲ್ಲಿರುವ ಕೂದಲೆಳೆಯಂತಹ ಸಣ್ಣ ಮುಳ್ಳುಗಳೇ ಕಠಿನ; ಅವು ತೊಗಲನ್ನು ಹೊಕ್ಕರೆ ದಿನಗಟ್ಟಲೆ ನವೆಯೂ ಉರಿಯೂ ತಪ್ಪದು. ಹೆಸರಿನ ವಿನೋದವನ್ನಾದರೂ ನೋಡಿರಿ: ಪಾಪಾಸು ಎಂದರೆ ಪಾರಸಿಯಿಂದ ಬಂದ, ಪಾದರಕ್ಷೆಯೆಂಬ ಅರ್ಥದ ಶಬ್ದವು. ಜೋಡಿನ ಆಕಾರದ ಎಲೆಯುಳ್ಳದ್ದೆಂದು ನಮ್ಮವರು ಆ ಗಿಡಕ್ಕೆ ಜೋಡಿನ ಹೆಸರನ್ನೇ ಇಟ್ಟರು. ಯಾವುದು ಕಾಲನ್ನು ಇರಿಯುವುದೋ ಅದಕ್ಕೆ ಕಾಲನ್ನು ಕಾಯುವುದರ ಹೆಸರು!

ಆಳಂದದ ಅಡತಿಯೊಂದರಲ್ಲಿ ಮೂವತ್ತು ವರ್ಷ ಲೆಕ್ಕ ಬರೆದು ವಿಶ್ರಾಂತರಾದ ಗೃಹಸ್ಥರೊಬ್ಬರಿದ್ದರು. ಪ್ರತಿ ವರ್ಷ ದತ್ತಜಯಂತಿಗೆ ಅವರು ಗಾಣಗಾಪುರಕ್ಕೆ ನಡೆದೇ ಹೋಗುತ್ತಿದ್ದರು. ಅದೂ ಸಡಕನ್ನು ಹಿಡಿಯದೆ, ಆಳಂದ ಸೀಮೆಯಿಂದ ಹರಿದು ಬರುವ ಅಮರಜೆಯು ಭೀಮೆಯನ್ನು ಕೂಡುವವರೆಗೆ ಅದರ ದಂಡೆಯನ್ನೇ ಅನುಸರಿಸಿ ಹೋಗುವುದು ಅವರ ಪದ್ಧತಿ. ಕಾಲಿಗೆ ಏನನ್ನೂ ಮೆಟ್ಟುತ್ತಿರಲಿಲ್ಲ. “ಗುರುವಿನ ಪಾದುಕೆಯ ದರ್ಶನಕ್ಕೆ ಕೆರ ಮೆಟ್ಟಿ ಹೋಗುವುದುಂಟೇ?” ಎಂಬುದು ಅವರ ವಾದ. ಉಡಿದಾರಕ್ಕೆ ಕಟ್ಟಿದ ಚಿಮಟವೊಂದೇ ಅವರ ಆಯುಧ. ಮುಳ್ಳು ತಾಗಿದಲ್ಲಿ ಕುಳಿತು, ಕಿತ್ತು, ಮತ್ತೆ ನಡೆಯುವರು.

ಆದರೆ ಚಿಮಟವು ತಿಳಿದ ಮುಳ್ಳನ್ನು ಮಾತ್ರ ತೆಗೆಯಬಲ್ಲುದು. ಹತ್ತು ವರ್ಷದ ಮಧುಮೇಹವು ಅವರ ಅರಿವಿಗೆ ಬಾರದಂತೆ ಪಾದಗಳ ಸ್ಪರ್ಶಜ್ಞಾನವನ್ನು ಅಪಹರಿಸಿತ್ತು. ಒಂದು ವರ್ಷ ಯಾತ್ರೆಯಿಂದ ಮರಳಿದ ನಾಲ್ಕನೆಯ ದಿವಸ ಅವರ ಹೆಂಡತಿಯು ಕಸಗುಡಿಸುತ್ತ, ನೆಲದ ಮೇಲೆ ಹೆಜ್ಜೆಗೊಂದರಂತೆ ತೇವದ ಕಲೆಯನ್ನು ಕಂಡರು. ಜಾಲಿಯ ಮುಳ್ಳೊಂದು ಅಂಗಾಲಿನಲ್ಲಿ ಮುರಿದು, ಒಳಗೆ ಕೀವಾಗಿತ್ತು; ಯಜಮಾನರಿಗೆ ನೋವಿನ ಸುಳಿವೇ ಇರಲಿಲ್ಲ. ಕಲಬುರಗಿಯ ವೈದ್ಯರು ಕಾಲನ್ನು ಉಳಿಸಿದರು, ಎರಡು ಬೆರಳುಗಳನ್ನು ಉಳಿಸಲಾರದೆ ಹೋದರು. ಮನೆಗೆ ಬಂದ ದಿನ ಆ ತಾಯಿಯು ಹೇಳಿದ ಮಾತು ಇಷ್ಟೇ: “ದೇವರು ನಡದು ಬಾ ಅಂದಾನ, ಕಾಲು ಕೊಡು ಅಂದಿಲ್ಲರಿ.”

ಗಾಯವು ಮಾಗಿ, ವೈದ್ಯರ ಒಪ್ಪಿಗೆ ದೊರೆತ ಬಳಿಕ, ಪಾದರಕ್ಷೆಯ ಶೋಧನೆಯು ಆರಂಭವಾಯಿತು. ಪುಣೆಯಲ್ಲಿದ್ದ ಮಗನು ಬಹಳ ಬೆಲೆಯ, ಹೂವಿನಂತೆ ಹಗುರಾದ ಬೂಟನ್ನು ಕಳುಹಿಸಿದನು. ಊರ ಹೊರಗಿನ ಪಡದಲ್ಲಿ ಒಂದು ಸುತ್ತು ಬರುವಷ್ಟರಲ್ಲಿ ಅದರ ಬಲೆಯಂತಹ ಮೇಲ್ಬಟ್ಟೆಯ ತುಂಬ ಕಳ್ಳಿಯ ಸಣ್ಣ ಮುಳ್ಳು ಕೂತಿತ್ತು. ಅದನ್ನು ಹಿಡಿದುಕೊಂಡು ಅವರು ಪೇಟೆಯ ಮೂಲೆಯಲ್ಲಿ ಕೆರ ಹೊಲಿಯುವ ಮುದುಕನ ಬಳಿಗೆ ಹೋದರು. ಆತನು ಮಾತಾಡದೆ ಒಂದು ಜಾಲಿಯ ಮುಳ್ಳನ್ನು ತೆಗೆದು ಬೂಟಿನ ಮೆತ್ತನೆಯ ಅಡಿಗೆ ಒತ್ತಿದನು. ಅದರ ಮೊನೆಯು ಒಳಗೆ ಬಂದು ಕಾಣಿಸಿಕೊಂಡಿತು. ಮತ್ತೊಂದನ್ನು ಲಾರಿಯ ಹಳೆಯ ಟಾಯರಿನ ತುಂಡಿಗೆ ಒತ್ತಿದನು. ಅದು ನಡುವೆಯೇ ನಿಂತು ಮುರಿಯಿತು. ಆಮೇಲೆ ಹೇಳಿದನು: “ಮುಳ್ಳು ಚುಚ್ಚಿದ್ದು ತಿಳೀದ ಕಾಲು ಕುರುಡ ಕಾಲು ಆಗ್ತದ್ರಿ ಅಪ್ಪಾವರ. ಅದಕ್ಕ ಕೆರಾನೇ ಕಣ್ಣಾಗಿರಬೇಕು.”

ಈ ಮಾತನ್ನು ಆ ಮುದುಕನು ಯಾವ ಗ್ರಂಥದಿಂದಲೂ ಕಲಿತಿರಲಿಲ್ಲ. ಆದರೆ ಚರಕಸಂಹಿತೆಯ ಸೂತ್ರಸ್ಥಾನದಲ್ಲಿ ಪಾದತ್ರಧಾರಣವು ಕಣ್ಣಿಗೂ ಸ್ಪರ್ಶಕ್ಕೂ ಹಿತವೆಂದೂ, ಪಾದಗಳ ಆಪತ್ತನ್ನು ಪರಿಹರಿಸುವುದೆಂದೂ ಹೇಳಿರುವುದು. ಮಹಾಭಾರತದ ಅನುಶಾಸನಪರ್ವದಲ್ಲಿ, ಬಿಸಿಲಿಗೆ ಬೆಂದ ರೇಣುಕೆಯ ನಿಮಿತ್ತವಾಗಿ ಸೂರ್ಯನೇ ಜಮದಗ್ನಿಗೆ ಛತ್ರವನ್ನೂ ಪಾದರಕ್ಷೆಯನ್ನೂ ಕೊಟ್ಟನೆಂಬ ಕಥೆಯಿದೆ. ಹೀಗಿರಲು, ಬರಿಗಾಲೇ ಭಕ್ತಿಯ ಗುರುತೆಂಬುದನ್ನು ನಾವು ಎಲ್ಲಿಂದ ಕಲಿತೆವೋ ವಿಚಾರಿಸಬೇಕು.

ಮುದುಕನು ಕಟ್ಟಿಕೊಟ್ಟ ಜೋಡಿನ ಲಕ್ಷಣಗಳನ್ನು ವಾಚಕರ ಉಪಯೋಗಾರ್ಥವಾಗಿ ಹೇಳಬಹುದು. ಅಡಿಗೆ ಟಾಯರು, ಅದರ ಮೇಲೆ ದಪ್ಪನೆಯ ಎಮ್ಮೆಯ ತೊಗಲು. ಹರಡಿನ ಗೆಣ್ಣು ಮುಚ್ಚುವಷ್ಟು ಎತ್ತರ. ಮುಂಭಾಗವು ಮುಚ್ಚಿದ್ದು, ಆದರೆ ಬೆರಳುಗಳು ಒಂದನ್ನೊಂದು ಒತ್ತದಷ್ಟು ಅಗಲ. ಒಳಗೆ ಬೆರಳಿಗೆ ತಾಗುವ ಹೊಲಿಗೆಯಿಲ್ಲ. ಅಳತೆಯನ್ನು ಸಾಯಂಕಾಲದಲ್ಲಿಯೇ ತೆಗೆದುಕೊಂಡನು. ಏಕೆಂದರೆ ದಿನವೆಲ್ಲ ನಡೆದ ಕಾಲು ಸಂಜೆಗೆ ಕೊಂಚ ಉಬ್ಬಿರುವುದು. ತೊಗಲು ಬಿರುಸಾಗದಂತೆ ಹರಳೆಣ್ಣೆಯನ್ನು ತಿಕ್ಕಬೇಕೆಂದೂ, ಹೊಸ ಜೋಡಿನಲ್ಲಿ ಮೊದಲ ದಿನವೇ ದೂರ ಹೋಗಬಾರದೆಂದೂ, ಎರೆಯು ಹಸಿಯಾಗಿರುವಾಗ ಅಡಿಗೆ ಮೆತ್ತಿದ ಮಣ್ಣನ್ನು ಆಗಾಗ ಕೆರೆದು ಹಾಕದಿದ್ದರೆ ಒಂದೊಂದು ಹೆಜ್ಜೆಗೂ ಒಂದೊಂದು ಸೇರು ಭಾರವಾಗುವುದೆಂದೂ ಎಚ್ಚರಿಸಿದನು. ಎಲ್ಲಕ್ಕೂ ಮುಖ್ಯವಾಗಿ, ಮೆಟ್ಟುವ ಮೊದಲು ಒಳಗೆ ಕೈಯಾಡಿಸಬೇಕು, ಬಿಚ್ಚಿದ ಬಳಿಕ ಅಂಗಾಲನ್ನು ಮನೆಯವರಿಗೆ ತೋರಿಸಬೇಕು. ವೈದ್ಯರು ಜೋಡನ್ನು ತಿರುಗಿಸಿ ನೋಡಿ, ಇದಕ್ಕೆ ಸೇರಿಸತಕ್ಕದ್ದೇನೂ ಇಲ್ಲವೆಂದರು.

ತೊಗಲನ್ನು ಯಾವುದರಿಂದ ಹದಮಾಡಿದೆ ಎಂದು ಗೃಹಸ್ಥರು ಕೇಳಿದರು. “ಜಾಲಿ ತೊಗಟೆ, ಅಳಲೆಕಾಯಿ” ಎಂದು ಉತ್ತರ ಬಂದಿತು. ಇದು ನಮ್ಮ ನಾಡಿನ ಬಹಳ ಹಳೆಯ ಕ್ರಮವು; 2019ರಲ್ಲಿ ಭೌಗೋಳಿಕ ಗುರುತನ್ನು ಪಡೆದ, ನೆರೆಯ ವಿಜಯಪುರವೂ ಸೇರಿ ಕರ್ನಾಟಕದ 4 ಮತ್ತು ಮಹಾರಾಷ್ಟ್ರದ 4 ಜಿಲ್ಲೆಗಳಲ್ಲಿ ತಯಾರಾಗುವ ಕೊಲ್ಹಾಪುರಿ ಚಪ್ಪಲಿಯ ತೊಗಲನ್ನು ಸಹ ಹೀಗೆಯೇ ಹದಮಾಡುವರು. ಯಾವ ಮರದ ಮುಳ್ಳು ಎರಡು ಬೆರಳನ್ನು ಕೊಂಡೊಯ್ದಿತೋ, ಅದೇ ಮರದ ತೊಗಟೆಯು ಮಿಕ್ಕ ಎಂಟನ್ನು ಕಾಯುವುದಕ್ಕೆ ಬಂದು ನಿಂತಿತು.

ಅಳತೆ ಕೊಡುವಾಗ ನಡೆದುದೊಂದನ್ನು ಹೇಳದಿದ್ದರೆ ಕಥೆಯು ಅಪೂರ್ಣವಾಗುವುದು. ಮುದುಕನು ಆ ಕುಂದಾದ ಕಾಲನ್ನೆತ್ತಿ ತನ್ನ ಮೊಣಕಾಲ ಮೇಲೆ ಇಟ್ಟುಕೊಂಡಾಗ ಗೃಹಸ್ಥರು ಸಂಕೋಚದಿಂದ ಹಿಂದಕ್ಕೆ ಸೆಳೆದುಕೊಂಡರು. ಈತನ ಹಿರಿಯರು ಊರ ದೊಡ್ಡ ಮನೆಗಳ ಮುಂದೆ ಹಾದು ಹೋಗುವಾಗ, ತಾವೇ ಹೊಲಿದ ಕೆರವನ್ನು ಕಾಲಿನಿಂದ ತೆಗೆದು ಕೈಯಲ್ಲಿ ಹಿಡಿಯಬೇಕಾಗಿದ್ದುದು ಅವರಿಗೆ ನೆನಪಿತ್ತು; ಅಂತಹ ಒಂದು ಮನೆಯು ಅವರದೇ ಆಗಿತ್ತು. ಇಲ್ಲಿಗೆ ಬಹು ದೂರವಲ್ಲದ ಕಲ್ಯಾಣದಲ್ಲಿ, 12ನೆಯ ಶತಮಾನದಲ್ಲಿ, ಹರಳಯ್ಯನೂ ಕಲ್ಯಾಣಮ್ಮನೂ ತಮ್ಮ ತೊಡೆಯ ಚರ್ಮದಿಂದ ಬಸವಣ್ಣನಿಗೆ ಚಮ್ಮಾವುಗೆಯನ್ನು ಮಾಡಿಕೊಟ್ಟರೆಂದೂ, ಬಸವಣ್ಣನು ಅವನ್ನು ಮೆಟ್ಟದೆ ತಲೆಯ ಮೇಲಿಟ್ಟುಕೊಂಡನೆಂದೂ ಶರಣರ ಕಥೆಯು ಹೇಳುವುದು. ಕಥೆಯನ್ನು ನೂರು ಸಲ ಕೇಳಿದ್ದ ಗೃಹಸ್ಥರಿಗೆ ಅದರ ಅರ್ಥವು ಆ ಮೂಲೆಯಲ್ಲಿ ಕುಳಿತಾಗ ಹೊಳೆಯಿತೆಂದು ತೋರುತ್ತದೆ. ಅಲ್ಲಿಯ ತನಕ “ಏ, ಇಲ್ಲಿ ನೋಡು” ಎನ್ನುತ್ತಿದ್ದವರು, ಏಳುವಾಗ “ಎಷ್ಟು ಕೊಡಬೇಕರಿ ಕಾಕಾ?” ಎಂದು ಕೇಳಿದರು.

ಒಂದು ತಿಂಗಳು ದಿನವೂ ಸ್ವಲ್ಪ ಸ್ವಲ್ಪ ನಡೆದು ಜೋಡನ್ನು ಹದಕ್ಕೆ ತಂದುಕೊಂಡು, ಆ ವರ್ಷವೂ ಅವರು ಅಮರಜೆಯ ದಂಡೆಯನ್ನು ಹಿಡಿದು ಗಾಣಗಾಪುರಕ್ಕೆ ಹೋದರು. ಗುಡಿಯ ಬಾಗಿಲಲ್ಲಿ ಜೋಡನ್ನು ಬಿಟ್ಟು, ಮಗನ ತೋಳನ್ನು ಹಿಡಿದು ಒಳಗೆ ಹೋಗಿ ನಿಂತರು. ಅಲ್ಲಿ ಸಾವಿರಾರು ಜನರು ಕೈಮುಗಿಯುತ್ತಿದ್ದುದು ನರಸಿಂಹ ಸರಸ್ವತಿಗಳು ಬಿಟ್ಟುಹೋದರೆಂದು ಹೇಳುವ ನಿರ್ಗುಣ ಪಾದುಕೆಗಳಿಗೆ. ಅಷ್ಟು ವರ್ಷಗಳಿಂದ ಅವರು ಬರಿಗಾಲಲ್ಲಿ ಬಂದು ನಮಸ್ಕರಿಸುತ್ತಿದ್ದುದು ಪಾದುಕೆಗೇ ಅಲ್ಲವೇ!

ಹೊರಗೆ ಬಂದು, ಕಟ್ಟೆಯ ಮೇಲೆ ಕುಳಿತು, ಕಾಕನು ಹೇಳಿದಂತೆ ಒಳಗೆ ಕೈಯಾಡಿಸಿ ನೋಡಿದರು, ಏನೂ ಇರಲಿಲ್ಲ. ಬಳಿಕ ಜೋಡನ್ನು ಮಗುಚಿ, ಉಡಿದಾರದ ಚಿಮಟದಿಂದ ಅಡಿಯ ಮುಳ್ಳುಗಳನ್ನು ಒಂದೊಂದಾಗಿ ಕೀಳತೊಡಗಿದರು. ಲೆಕ್ಕ ಬರೆದ ಕೈಯಾದುದರಿಂದ ಎಣಿಸದಿರಲು ಆಗಲಿಲ್ಲ: ಒಟ್ಟು ಹದಿನೇಳು.